ಅಧ್ಯಕ್ಷ ಮುದ್ದಯ್ಯನವರು ದೊಡ್ಡಂಗಡಿ ಬೀದಿಗೆ ಕಾಲಿಟ್ಟದ್ದು

ಹಂಗಳದ ಮುದ್ದಯ್ಯನವರಿಗೆ ಹುಲಿಯ ಭಯವಿರಲಿಲ್ಲ. ಕಾಡಂಚಿನ ಊರು. ಹೊಲದ ಬದುವಿನಲ್ಲಿ ಹುಲಿಹೆಜ್ಜೆ ಕಂಡರೆ ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುವ ಗಂಡು. ಆನೆಯ ಭಯವೂ ಇರಲಿಲ್ಲ. ಒಮ್ಮೆ ಒಂಟಿ ಸಲಗವೊಂದು ಅವರ ಹಲಸಿನ ಮರದ ಕೆಳಗೆ ನಿಂತಿದ್ದಾಗ "ತಿಂದಿದ್ದು ಸಾಕು, ಓಗಪ್ಪ" ಎಂದು ಬುದ್ಧಿ ಹೇಳಿದ್ದರಂತೆ. ಆನೆ ಹೋಯಿತೋ ಇಲ್ಲವೋ ನೋಡಲು ಅವರು ಅಲ್ಲಿ ನಿಂತಿರಲಿಲ್ಲ, ಆ ಮಾತು ಬೇರೆ. ಇಂಥ ವೀರಾಧಿವೀರರು ತಮ್ಮ ಐವತ್ತಮೂರನೆಯ ವಯಸ್ಸಿನವರೆಗೆ ಹೆದರಿದ್ದು ಒಂದೇ ಒಂದು ಊರಿಗೆ. ಅದು ಅವರದೇ ಜಿಲ್ಲೆಯ ಮುಖ್ಯ ಪಟ್ಟಣ, ಚಾಮರಾಜನಗರ.

ಚಾಮರಾಜನಗರಕ್ಕೆ ಕಾಲಿಟ್ಟ ದೊಡ್ಡವರ ಕುರ್ಚಿ ಉಳಿಯುವುದಿಲ್ಲ ಅನ್ನುವ ಮಾತು ಆ ಕಾಲಕ್ಕೆ ರಾಜ್ಯಕ್ಕೆಲ್ಲ ಗೊತ್ತಿತ್ತು. ಆ ಊರಿಗೆ ಅರಿಕುಠಾರ ಎಂಬ ಹಳೆಯ ಹೆಸರಿದ್ದುದೂ, ಹಾಗೆಂದರೆ ಶತ್ರುಗಳ ಪಾಲಿನ ಕೊಡಲಿ ಎಂದು ಅರ್ಥವೆಂಬುದೂ ಮುದ್ದಯ್ಯನವರ ಕಿವಿಗೆ ಬಿದ್ದಿತ್ತು. ಹೆಸರು ಬದಲಾಯಿಸಿದ ಮಾತ್ರಕ್ಕೆ ಕೊಡಲಿ ಮೊಂಡಾಗುತ್ತದೆಯೇ?

ಇಷ್ಟಕ್ಕೂ ಅದು ಮಂತ್ರಿಗಳ ಚಿಂತೆ, ಇವರಿಗೇನು ಅನ್ನಬಹುದು. ಮುದ್ದಯ್ಯನವರಿಗೂ ಒಂದು ಕುರ್ಚಿ ಇತ್ತು.

ಚೆಂಡು ಹೂವು ಬೆಳೆಯುವ ನಲವತ್ತೊಂದು ಜನ ಸೇರಿ ಕಟ್ಟಿಕೊಂಡಿದ್ದ ಸಂಘದ ಅಧ್ಯಕ್ಷರು ಅವರು. ಹೂವು ತೂಗುವ ಶೆಡ್ಡಿನ ಹಿಂದೆ ತಗಡು ಹೊದಿಸಿದ ಒಂದು ಇಳಿಜಾರು ಚಪ್ಪರ. ಅದೇ ಕಚೇರಿ. ಅಲ್ಲಿ ಮಿಕ್ಕವರೆಲ್ಲ ಗೋಣಿಚೀಲದ ಮೇಲೆ. ಅಧ್ಯಕ್ಷರಿಗೆ ಮಾತ್ರ ಕೈಯಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿ. ಅದರ ಒಂದು ಕಾಲು ಸೀಳು ಬಿಟ್ಟಿದ್ದಕ್ಕೆ ತಂತಿ ಸುತ್ತಿತ್ತು. ದಿನಾ ಬೆಳಿಗ್ಗೆ ಟವಲಿನಿಂದ ಅದರ ಮೈ ಒರೆಸಿ, ಬಿಳಿ ಶರ್ಟಿನ ಜೇಬಿಗೆ ಪೆನ್ನು ಸಿಕ್ಕಿಸಿ ಮುದ್ದಯ್ಯನವರು ಕೂತರೆಂದರೆ, ಹೂವಿನ ರಾಶಿಯ ನಡುವೆ ಪಟ್ಟಾಭಿಷೇಕವಾದಂತೆ ಕಾಣುತ್ತಿತ್ತು.

ನಗುವುದು ಸುಲಭ. ಆದರೆ ಏಳನೇ ವಯಸ್ಸಿನಲ್ಲಿ ಮುಸುವ ಕೋತಿಯೊಂದು ಅವರ ಕೈಯಲ್ಲಿದ್ದ ಬಾಳೆಹಣ್ಣಿಗೆ ಹಾರಿ, ಹಣ್ಣಿನ ಜೊತೆಗೆ ಎಡಗಿವಿಯ ತುದಿಯನ್ನೂ ಕಚ್ಚಿಕೊಂಡು ಹೋಗಿತ್ತು. ಅಂದಿನಿಂದ ಊರಿಗೆ ಅವರು ಮೊಟುಕಿವಿ ಮುದ್ದ. ಮದುವೆಯಲ್ಲಿ ಮೊಟುಕಿವಿ, ಮಗಳ ನಾಮಕರಣದಲ್ಲಿ ಮೊಟುಕಿವಿ, ಓಟರ್ ಲಿಸ್ಟಿನವರು ಮನೆ ಕೇಳಿಕೊಂಡು ಬಂದರೂ "ಮೊಟುಕಿವಿ ಮನೆಯಾ? ಅಗೋ ಅಲ್ಲಿ." ಕೆಂಪು ಕುರ್ಚಿಯಲ್ಲಿ ಕೂತ ದಿನ, ಅಂದರೆ ತೊಂಬತ್ತಾರನೇ ಇಸವಿಯಲ್ಲಿ, ಆ ಹೆಸರು ನಿಂತುಹೋಯಿತು. "ಅಧ್ಯಕ್ಷ್ರೇ" ಅನ್ನತೊಡಗಿದರು. ಕುರ್ಚಿ ಹೋದರೆ ಹೋಗುವುದು ಪ್ಲಾಸ್ಟಿಕ್ಕಲ್ಲ, ಆ ಕೂಗು. ಮರುದಿನವೇ ಮೊಟುಕಿವಿ ವಾಪಸು ಬರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ಒಂಬತ್ತು ವರ್ಷ ಅವರು ಚಾಮರಾಜನಗರಕ್ಕೆ ಹೋಗಲಿಲ್ಲ. ಪಹಣಿ, ಸರ್ಟಿಫಿಕೇಟು, ಅರ್ಜಿ, ಯಾವುದೇ ಆಗಲಿ, ಹೆಂಡತಿ ಚಿಕ್ಕನಿಂಗಮ್ಮ ಹೋಗಿ ತರಬೇಕು. ಆಕೆಯ ತಂದೆ ದೊಡ್ಡಬೀರಯ್ಯ ಚಂದಕವಾಡಿಯವರು. ಕೂಲಿ ಮಾಡುತ್ತ ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿತವರು. ತೊಂಬತ್ತೇಳರಲ್ಲಿ ಹೊಸ ಜಿಲ್ಲೆಯಾಯಿತು. ಜಿಲ್ಲೆ ಬಂದ ಮೇಲೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಕುರ್ಚಿಗಳು ಬಂದವು, ಕುರ್ಚಿಗಳ ಹಿಂದೆಯೇ ದೊಡ್ಡಬೀರಯ್ಯ ಬಂದು ದೊಡ್ಡಂಗಡಿ ಬೀದಿಯ ಕೊನೆಯಲ್ಲಿ ಒಂದು ಅಂಗಡಿಮನೆ ಹಿಡಿದರು. "ಅಳಿಯಂದ್ರನ್ನ ಒಂದ್ಸಲ ಕರ್ಕಂಬಾ" ಎಂದು ಮಗಳಿಗೆ ನಾಲ್ಕು ವರ್ಷ ಹೇಳಿ ಹೇಳಿ, ಅಳಿಯಂದಿರು ಬಾರದೆಯೇ ತೀರಿಕೊಂಡರು.

ಸಾವಿಗಾದರೂ ಹೋದರೇ? ಹೋದರು. ಪಟ್ಟಣದ ಅಂಚಿನಲ್ಲಿ ಸ್ವಾಗತದ ಬೋರ್ಡು ಇದೆಯಲ್ಲ, ಅದರ ಈಚೆಗೆ ಬಸ್ಸಿಳಿದು, ಮಾವನ ಮೈಮೇಲೆ ಹೊದಿಸಬೇಕಾದ ಹೊಸ ಬಟ್ಟೆಯನ್ನು ಹೆಂಡತಿಯ ಕೈಗೆ ಕೊಟ್ಟು, ಸಂಜೆಯವರೆಗೆ ಹುಣಸೆಮರದ ಕೆಳಗೆ ನಿಂತಿದ್ದರು. ಚಿಕ್ಕನಿಂಗಮ್ಮ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಎರಡು ಸಾವಿರದ ಐದನೇ ಇಸವಿಯ ಆಷಾಢದ ಕೊನೆಯಲ್ಲಿ, ಒಂದು ಶುಕ್ರವಾರ, ಆಕೆ ಅಂಗಡಿಯ ಕಾಯಿನ್ ಫೋನಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಮಂಚಿ ಮಾತಾಡುದ್ಲು. ಅಪ್ಪನ ಅಂಗಡಿ ಗೋಡೆ ಕೆಡುವ್ತಾರಂತೆ, ಖಾಲಿ ಮಾಡ್ಬೇಕಂತೆ. ನಿಮಗೇ ಅಂತ ಅಪ್ಪ ಎತ್ತಿಟ್ಟಿರದು ಒಂದದೆ. ಬಂದು ತಕಂಡೋಗ್ಲಿ ಅಂದ್ಲು."

ಮಂಚಮ್ಮ ಚಿಕ್ಕನಿಂಗಮ್ಮನ ತಂಗಿ. ಗಂಡ ಸತ್ತ ಮೇಲೆ ತಂದೆಯ ಮನೆಯಲ್ಲೇ ಇದ್ದು ಹೂ ಕಟ್ಟಿ ಮಾರುತ್ತಿದ್ದವಳು.

"ಏನಂತೆ ಅದು?" ಮುದ್ದಯ್ಯನವರ ಕಣ್ಣಮುಂದೆ ಒಂದು ಉಂಗುರ ಮಿಂಚಿ ಹೋಯಿತು.

"ನಂಗೇನ್ ಗೊತ್ತು."

"ಲಗೇಜ್ ಆಟೋಲಿ ಕಳಿಸ್ಲಿ ಬುಡು."

"ಅಳಿಯನ ಉಡುಗೊರೆ ಆಟೋಲಿ ಬತ್ತದಾ? ಅತ್ತೆಮನೆ ಬಾಗ್ಲಲ್ಲಿ ಕಾಲ್ ತೊಳ್ಕಂಡು, ಆರತಿ ಎತ್ತುಸ್ಕಂಡು, ಒಳಗೆ ಬಂದು ಈಸ್ಕಬೇಕು. ನಿಮ್ಮ ಕಡೇಲಿ ಏನ್ ಪದ್ಧತಿಯೋ, ನಮ್ಮ ಕಡೇಲಿ ಅಂಗೇಯ."

"ಸೋಮಾರ ಸಂಘದ ಎಲೆಕ್ಷನ್ ಅದೆ ಕಣಮ್ಮಿ. ಇಂತಾ ಟೈಮಲ್ಲಿ ಆ ಊರಿಗಾ?"

ಚಿಕ್ಕನಿಂಗಮ್ಮ ಕೂಗಾಡಲಿಲ್ಲ. ಅದೇ ಭಯ ಹುಟ್ಟಿಸಿತು. "ನಾಳೆ ನಾನು ಓಯ್ತೀನಿ. ನೀವು ಬಂದ್ರೆ ಇಬ್ರೂ ವಾಪಸ್ ಬರನ. ಬರದೆ ಓದ್ರೆ ನಾನು ಮಂಚಿ ಜೊತೇಲೇ ಇದ್ಬುಡ್ತೀನಿ. ನಿಮ್ಮ ಕೆಂಪು ಕುರ್ಚಿ ಕೈಲಿ ಮುದ್ದೆ ತಿರುವುಸ್ಕಳಿ, ಅಧ್ಯಕ್ಷ್ರೇ."

ಆ ಇಡೀ ಸಂಜೆ ಮುದ್ದಯ್ಯನವರು ಯುದ್ಧಕ್ಕೆ ಮುಂಚೆ ಸೇನಾಪತಿ ಯೋಚಿಸುವಂತೆ ಯೋಚಿಸಿದರು. ಕೊನೆಗೆ ಅವರಿಗೆ ಹೊಳೆದ ಉಪಾಯ ಯಾವ ಮಂತ್ರಿಗೂ ಹೊಳೆದಿರಲಾರದು. ಶಾಪ ಹುಡುಕುವುದು ಕುರ್ಚಿ ಇದ್ದವನನ್ನು. ಕುರ್ಚಿ ಇಲ್ಲದವನಂತೆ ಹೋಗಿಬಂದರೆ? ಅಧ್ಯಕ್ಷನಾಗಿ ಹೋಗುವುದೇ ಬೇಡ, ಬರೀ ಮುದ್ದಯ್ಯನಾಗಿ ಹೋಗಿ ಬರೀ ಮುದ್ದಯ್ಯನಾಗಿ ಬಂದುಬಿಡುವುದು!

ಶನಿವಾರ ಬೆಳಿಗ್ಗೆ ಬಿಳಿ ಶರ್ಟು ಮೊಳೆಯಲ್ಲೇ ಉಳಿಯಿತು. ಚೌಕುಳಿ ಲುಂಗಿ, ತೋಳಿನ ಬಳಿ ಹೊಲಿಗೆ ಬಿಟ್ಟ ಹಳೇ ಅಂಗಿ, ತಲೆಗೆ ಟವಲಿನ ರುಮಾಲು. ಪೆನ್ನನ್ನು ಉಪಾಧ್ಯಕ್ಷ ರಾಜಣ್ಣನಿಗೆ ಕೊಟ್ಟರು.

"ನಿನ್ನ ಜೇಬಲ್ಲಿ ಇಟ್ಕಂಡಿರ್ಲಾ. ಬಂದು ಈಸ್ಕತೀನಿ."

"ಎಲ್ಲಿಗೆ ಒಂಟ್ರಿ ಅಧ್ಯಕ್ಷ್ರೇ, ಈ ವೇಷದಲ್ಲಿ?"

"ಶ್! ಅಧ್ಯಕ್ಷ್ರು ಅನ್ಬೇಡ ಕಣ್ಲಾ ಇವತ್ತು."

ರಾಜಣ್ಣ ಪೆನ್ನನ್ನು ಒಮ್ಮೆ ನೋಡಿ, ತನ್ನ ಜೇಬಿಗೆ ಸಿಕ್ಕಿಸಿ, ಎದೆಯನ್ನು ಸ್ವಲ್ಪ ಮುಂದೆ ಮಾಡಿ ನೋಡಿಕೊಂಡ.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಬೇಕು. ಕೇರಳಕ್ಕೆ ಹೊರಟ ತರಕಾರಿ ಲಾರಿಗಳು, ಈರುಳ್ಳಿ ಮೂಟೆಯ ಘಾಟು, ಹಾರನ್ನು, ಮಲಯಾಳದಲ್ಲಿ ಬೈಗುಳ, ಕನ್ನಡದಲ್ಲಿ ಅದಕ್ಕೆ ಉತ್ತರ. ಆ ಗಲಾಟೆಯಲ್ಲಿ ಮುದ್ದಯ್ಯನವರಿಗೆ ಧೈರ್ಯವಾಗಿಯೇ ಇತ್ತು. ತೆರಕಣಾಂಬಿ ದಾಟಿದ ಮೇಲೆ ಬಸ್ಸಿನೊಳಗೆ ಮಾತು ಕಡಿಮೆಯಾಯಿತು. ಆಷಾಢದ ಗಾಳಿ ಕಿಟಕಿಯ ಸಂದಿಯಲ್ಲಿ ಯಾರೋ ಸಣ್ಣಗೆ ಅಳುವ ಹಾಗೆ ಎಳೆಯುತ್ತಿತ್ತು. ಮೋಡ ಎಷ್ಟು ಕೆಳಗಿತ್ತೆಂದರೆ ಹನ್ನೊಂದು ಗಂಟೆಗೇ ಡ್ರೈವರು ದೀಪ ಹಾಕಿದ್ದ. ಸ್ವಾಗತದ ಬೋರ್ಡು ಬಂತು. ಅದರ ಎದುರಿಗೆ ಆ ಹುಣಸೆಮರ. ಅದರ ಕೆಳಗೆ ಯಾರೋ ರುಮಾಲು ಸುತ್ತಿದವರು ನಿಂತಂತೆ ಕಂಡು, ತಿರುಗಿ ನೋಡುವಷ್ಟರಲ್ಲಿ ಬರೀ ಮರವಿತ್ತು. ಮುದ್ದಯ್ಯನವರು ಎರಡು ಪಾದಗಳನ್ನೂ ನೆಲದಿಂದ ಮೇಲೆತ್ತಿ ಹಿಡಿದರು.

"ಕಾಲ್ ನೋವಾ?" ಎಂದು ಕೇಳಿದಳು ಚಿಕ್ಕನಿಂಗಮ್ಮ, ಮುಂದೆ ನೋಡುತ್ತಲೇ.

ನಿಲ್ದಾಣದಲ್ಲಿ ಇಳಿಯದೆ ವಿಧಿಯಿರಲಿಲ್ಲ. ಮೊದಲು ಎಡಗಾಲು. ಆಮೇಲೆ ಬಲಗಾಲು. ಗುಡುಗಲಿಲ್ಲ. ಭೂಮಿ ಬಿರಿಯಲಿಲ್ಲ. ಪಕ್ಕದಲ್ಲಿ ಒಬ್ಬ ಕಡಲೆಕಾಯಿ ಹುರಿಯುತ್ತಿದ್ದವನು ಹುರಿಯುತ್ತಲೇ ಇದ್ದ. ಏನೂ ಆಗಲಿಲ್ಲವಲ್ಲ ಅನ್ನುವುದೇ ಅವರ ಬೆನ್ನುಹುರಿಯಲ್ಲಿ ಇರುವೆ ಬಿಟ್ಟಂತಾಯಿತು.

ದೊಡ್ಡಂಗಡಿ ಬೀದಿಯಲ್ಲಿ ಕರೆಂಟು ಹೋಗಿತ್ತು. ಎರಡೂ ಬದಿಯಲ್ಲಿ ಸಾಲು ಅಂಗಡಿಗಳು ಬಾಯಿ ತೆರೆದುಕೊಂಡು ಒಳಗೆಲ್ಲ ಕತ್ತಲೆ. ಕತ್ತಲೆಯಲ್ಲಿ ಮುಖ ಕಾಣುತ್ತಿರಲಿಲ್ಲ, ಗಲ್ಲಾದ ಹಿಂದೆ ಬಿಳಿ ಶರ್ಟು ಮಾತ್ರ ಅಲುಗುತ್ತಿತ್ತು. ತೂಗುಹಾಕಿದ ಪ್ಲಾಸ್ಟಿಕ್ ಬಿಂದಿಗೆಗಳು ಗಾಳಿಗೆ ಒಂದಕ್ಕೊಂದು ತಾಗಿ ಟೊಳ್ಳು ಸದ್ದು ಮಾಡುತ್ತಿದ್ದವು. ಶನಿವಾರದ ಬೀದಿ. ಜನವಿದ್ದರು, ಆದರೆ ಇವರು ಹತ್ತಿರ ಬಂದಾಗ ಮಾತು ನಿಲ್ಲುತ್ತಿತ್ತು.

ಮುದ್ದಯ್ಯನವರು ರುಮಾಲನ್ನು ಹಣೆಗೆ ಎಳೆದುಕೊಂಡು, ಬರೀ ಮುದ್ದಯ್ಯನಾಗಿ, ಹೆಂಡತಿಯ ಎರಡು ಹೆಜ್ಜೆ ಹಿಂದೆ ನಡೆದರು.

ಮೊದಲನೆಯ ವೀಳ್ಯದೆಲೆ ಅಂಗಡಿಯ ಕತ್ತಲೆಯೊಳಗಿಂದ ಒಬ್ಬ ಎದ್ದು ಬಂದ. "ಬನ್ನಿ ಅಧ್ಯಕ್ಷ್ರೇ," ಅಂದ. "ತಡ ಮಾಡ್ಬುಟ್ರಿ."

ಮುದ್ದಯ್ಯನವರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಅವನು ಒಂದು ಸ್ಟೂಲನ್ನು ಎಳೆದು, ಒದ್ದೆ ಬಟ್ಟೆಯಿಂದ ಒರೆಸಿ, ಅವರ ಮೊಣಕಾಲಿಗೆ ತಾಗುವಂತೆ ಇಟ್ಟ. "ಕೂತ್ಕಳಿ."

"ನಾನು... ನಾನು ಅಧ್ಯಕ್ಷ ಅಲ್ಲ ಕಣಣ್ಣ."

"ಅಲ್ವಾ?" ಅವನು ನಕ್ಕ. "ಅಯ್ಯೋ, ಅದೂ ಆಗೋಯ್ತಾ?"

"ನಡೀರಿ, ನಡೀರಿ," ಎಂದಳು ಚಿಕ್ಕನಿಂಗಮ್ಮ. "ಶಿವಣ್ಣ, ಆಮೇಕೆ ಬತ್ತೀವಿ."

ನಾಲ್ಕು ಅಂಗಡಿ ಆಚೆ ಕ್ಷೌರದಂಗಡಿ. ಒಳಗಿದ್ದವನು ಇವರನ್ನು ಕನ್ನಡಿಯಲ್ಲೇ ನೋಡಿದ. ತಿರುಗಲಿಲ್ಲ. ಖಾಲಿ ಕುರ್ಚಿಯನ್ನು ಮಾತ್ರ ಬೀದಿಯ ಕಡೆಗೆ, ನೇರ ಮುದ್ದಯ್ಯನವರ ಕಡೆಗೆ, ಮೆಲ್ಲಗೆ ತಿರುಗಿಸಿದ. ಕುರ್ಚಿ ಕಿರುಗುಟ್ಟಿತು. "ಬಂದ್ರು ಕಣ್ಲಾ," ಎಂದು ಕನ್ನಡಿಗೆ ಹೇಳಿದ.

ಆನೆಗೆ ಬುದ್ಧಿ ಹೇಳಿದ್ದ ಗಂಡು ಆ ಎರಡು ಹೆಜ್ಜೆಯ ಅಂತರವನ್ನೂ ಬಿಟ್ಟು ಹೆಂಡತಿಯ ಬೆನ್ನಿಗೇ ಅಂಟಿಕೊಂಡಿತು. ಹುಣಸೆಹಣ್ಣಿನ ಗುಡ್ಡೆಯ ಹಿಂದೆ ಕೂತಿದ್ದ ಮುದುಕಿಯೊಬ್ಬಳು ಕತ್ತು ಚಾಚಿ, ಕಣ್ಣು ಕಿರಿದುಮಾಡಿ, ಅವರ ತಲೆಯ ಎಡಭಾಗವನ್ನೇ ದಿಟ್ಟಿಸಿದಳು. ರುಮಾಲು ಹಣೆಯನ್ನೆಲ್ಲ ಮುಚ್ಚಿತ್ತು. ಕಿವಿಯನ್ನು ಮುಚ್ಚಿರಲಿಲ್ಲ.

"ಅದೇ ಕಿವಿ," ಎಂದಳು ಮುದುಕಿ. "ಎಷ್ಟ್ ವರ್ಸ ಕಾಯಿಸ್ಬುಟ್ಟೆ ಕಣಪ್ಪ. ಓಗು. ನಿನ್ ಕುರ್ಚಿ ಕಾಯ್ತಾ ಅದೆ."

"ದೊಡ್ಡಮಾದಮ್ಮ, ಚೆನ್ನಾಗಿದ್ದೀಯಾ?" ಎಂದು ಚಿಕ್ಕನಿಂಗಮ್ಮ ನಿಂತು ಕ್ಷೇಮ ಕೇಳುತ್ತಿದ್ದರೆ ಮುದ್ದಯ್ಯನವರು ಅಲ್ಲಿರಲಿಲ್ಲ. ಗೋಪುರ ಕಂಡ ದಿಕ್ಕಿಗೆ ಓಡುತ್ತಿದ್ದರು.

ಚಾಮರಾಜೇಶ್ವರನ ಗುಡಿ ದೊಡ್ಡದು. ಅದರ ಕಲ್ಲಿನ ತಂಪು ಅಂಗಾಲಿನಿಂದ ಏರಿ ಮಂಡಿಯಲ್ಲಿ ನಿಂತಿತು. ಪ್ರಾಕಾರದಲ್ಲಿ ಲಿಂಗಗಳು ಸಾಲುಗಟ್ಟಿದ್ದವು. ಶಿವಭಕ್ತರಾದ ಅರವತ್ತಮೂವರು ಪುರಾತನರು ಕಲ್ಲಾಗಿ ಸಾಲು ನಿಂತಿದ್ದರು. ಒಬ್ಬೊಬ್ಬರ ಮುಂದೆ ಹಾದಾಗಲೂ ಆ ಕಲ್ಲುಕಣ್ಣುಗಳು ತಮ್ಮ ಜೊತೆಗೇ ಬಂದಂತೆ ಮುದ್ದಯ್ಯನವರಿಗೆ ಅನ್ನಿಸಿತು. ಅರವತ್ತಮೂರು ಮಹಾತ್ಮರಲ್ಲಿ ಒಬ್ಬರ ಹತ್ತಿರವೂ ಕುರ್ಚಿಯಿಲ್ಲ ಎಂಬುದನ್ನು ಅವರು ಗಮನಿಸದೆ ಇರಲಿಲ್ಲ. ಈ ಊರಿನ ಗಾಳಿಯೇ ಅಂಥದ್ದು.

"ಯಾರ ಹೆಸರಲ್ಲಿ ಅರ್ಚನೆ?" ಗರ್ಭಗುಡಿಯ ಕತ್ತಲಿನಿಂದ ಅರ್ಚಕರು ಕೇಳಿದರು.

ಇಲ್ಲಿ ಮುದ್ದಯ್ಯನವರ ಬುದ್ಧಿ ಎರಡನೆಯ ಬಾರಿ ಮಿಂಚಿತು. ತಮ್ಮ ಹೆಸರನ್ನು ಈ ಊರಿನಲ್ಲಿ ಗಂಟೆ ಬಾರಿಸಿ ಕೂಗಿಸುವುದೇ? ಶಾಪ ಎಲ್ಲಿ ಹೊಂಚು ಹಾಕಿದೆಯೋ. ಹೋಗಲಿ, ಬೇರೆ ಯಾರಾದರೂ ಹೊರಲಿ. "ರಾಜಣ್ಣ," ಅಂದರು. "ಹಂಗಳದ ರಾಜಣ್ಣ."

ಗಂಟೆ ಮೊಳಗಿತು. ರಾಜಣ್ಣನ ಹೆಸರಿಗೆ ನೂರೆಂಟು ನಾಮ, ಬಿಲ್ವಪತ್ರೆ, ಮಂಗಳಾರತಿ ಸಾಂಗವಾಗಿ ನಡೆದವು. ತಾವು ಶಾಪವನ್ನಲ್ಲ, ದೇವರ ಆಶೀರ್ವಾದವನ್ನು ಪಕ್ಕದವನಿಗೆ ದಾಟಿಸಿದ್ದೇವೆಂದು ಹೊಳೆದದ್ದು ತೀರ್ಥ ಗಂಟಲಿಗೆ ಇಳಿದ ಮೇಲೆ. ಅಷ್ಟರಲ್ಲಿ ಅರ್ಚಕರು ಪರದೆ ಎಳೆದಿದ್ದರು.

"ಬಂದಿದ್ದೀರಿ, ಜನನ ಮಂಟಪಾನೂ ನೋಡ್ಬುಡಿ," ಎಂದು ಹಿಂದಿನಿಂದ ಬಂದ ಚಿಕ್ಕನಿಂಗಮ್ಮ ಕರೆದುಕೊಂಡು ಹೋದಳು. ಎಂಟು ವರ್ಷದಿಂದ ಒಬ್ಬಳೇ ಓಡಾಡಿದ ಬೀದಿಯನ್ನು ಗಂಡನಿಗೆ ತೋರಿಸುವ ಹುಮ್ಮಸ್ಸು ಅವಳದು. ಹೆಜ್ಜೆಯಲ್ಲಿ ಹೊಸ ಹೆಣ್ಣಿನ ಬಿಂಕವಿತ್ತು. "ಮಾರಾಜ್ರು ಹುಟ್ಟಿದ ಜಾಗ ಕಣ್ರಿ ಇದು."

ಮಂಟಪದಲ್ಲಿ ಯಾರೂ ಇರಲಿಲ್ಲ. ಕಂಬಗಳ ನಡುವೆ ಗಾಳಿ ಒಣ ಎಲೆಗಳನ್ನು ಗುಡಿಸಿ ಒಂದು ಮೂಲೆಗೆ ಒಯ್ದು, ಅಲ್ಲಿಂದ ಇನ್ನೊಂದು ಮೂಲೆಗೆ ಒಯ್ಯುತ್ತಿತ್ತು. ಇಲ್ಲಿ ಹುಟ್ಟಿದವರಿಗೆ ಎಲೆಕ್ಷನ್ ತಾಪತ್ರಯವಿರಲಿಲ್ಲವಲ್ಲ ಎಂದು ಮುದ್ದಯ್ಯನವರು ಹೊಟ್ಟೆ ಉರಿದುಕೊಳ್ಳುತ್ತಿದ್ದಾಗ ಆ ಸದ್ದು ಕೇಳಿಸಿತು.

ಕಿರ್ರ್... ಸ್ವಲ್ಪ ತಡೆದು ಮತ್ತೆ, ಕಿರ್ರ್. ಒದ್ದೆಯಾದ ಏನನ್ನೋ ಯಾರೋ ಹಲ್ಲು ಕಚ್ಚಿ ಬಿಗಿಯಾಗಿ ಎಳೆದಂತೆ. ತೀರಾ ಹತ್ತಿರದಲ್ಲಿ. ಮೊಟುಕಿವಿಯ ಪಕ್ಕದಲ್ಲೇ.

"ಏನಮ್ಮಿ ಅದು ಸದ್ದು?"

"ಯಾವ್ ಸದ್ದು?" ಚಿಕ್ಕನಿಂಗಮ್ಮ ಸುಮ್ಮನೆ ಕಿವಿಗೊಟ್ಟಳು. "ನಂಗೇನೂ ಕೇಳ್ನಿಲ್ಲ."

ಅವಳು ಸುಳ್ಳು ಹೇಳುವವಳಲ್ಲ. ಅದಕ್ಕೇ ಅವರು ಮೊಟುಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಮಂಟಪದಿಂದ ಇಳಿದರು.

ಬೀದಿಯ ಕೊನೆಯ ಅಂಗಡಿಮನೆಯ ಬಾಗಿಲಲ್ಲಿ ಮಂಚಮ್ಮ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದಳು. ಇದೇ ಹೊತ್ತಿಗೆ ಬರುತ್ತಾರೆಂದು ಯಾರು ಹೇಳಿದರೋ. "ಬನ್ನಿ ಬಾವ," ಎಂದು ಕಾಲಿಗೆ ನೀರು ಕೊಟ್ಟು, ಅರಿಶಿನ ಸುಣ್ಣದ ಕೆಂಪು ನೀರಿನಲ್ಲಿ ಆರತಿ ಎತ್ತಿ, ಹಣೆಗೆ ಬೊಟ್ಟಿಟ್ಟು, "ಬಲಗಾಲು ಮುಂದೆ," ಅಂದಳು.

ಒಳಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತಾಯಿತು. ಆಮೇಲೆ ಮುದ್ದಯ್ಯನವರು ಗೋಡೆ ಹಿಡಿದುಕೊಂಡರು.

ಕುರ್ಚಿಗಳು. ನೆಲದ ಮೇಲೆ, ಅಟ್ಟದ ಮೇಲೆ, ತೊಲೆಗೆ ಹಗ್ಗ ಕಟ್ಟಿ ಇಳಿಬಿಟ್ಟು, ಕುರ್ಚಿಗಳು. ಬೆತ್ತ ಹರಿದು ನಡುವೆ ತೂತಾದವು, ಕೈ ಮುರಿದವು, ಮೂರೇ ಕಾಲಿನವು. ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಕ್ಷರ ಅಲ್ಲಲ್ಲಿ ಉಳಿದಿತ್ತು: ಮೇಲ್ವಿಚಾರಕರು. ಶಾಖಾಧಿಕಾರಿ. ಹಂಗಾಮಿ ವ್ಯವಸ್ಥಾಪಕರು. ತೊಲೆಯಿಂದ ಇಳಿಬಿಟ್ಟವು ಗಾಳಿಗೆ ಮೆಲ್ಲಗೆ ತಿರುಗುತ್ತಿದ್ದವು. ಎಲ್ಲವೂ ಖಾಲಿ. ಎಲ್ಲವೂ ಈಗಷ್ಟೇ ಯಾರೋ ಎದ್ದುಹೋದಂತೆ ಖಾಲಿ.

"ರಿಪೇರಿಗೆ ಅಂತ ಕೊಟ್ಟೋರು," ಎಂದಳು ಮಂಚಮ್ಮ. "ಹೆಣೆದು ಮುಗಿಸೋದ್ರೊಳಗೆ ಟ್ರಾನ್ಸ್‌ಫರ್ ಆಗಿರದು. ಹೊಸಬ್ರು ಬಂದು ಹೊಸ ಕುರ್ಚಿ ಕೇಳೋರು. ಇವನ್ನ ಈಸ್ಕಳಕೆ ಯಾರೂ ಬರ್ನಿಲ್ಲ. ಅಪ್ಪ ಬೆತ್ತದ ಮೇಲೆ ಹೆಬ್ಬೆಟ್ಟು ಒತ್ತಿ ನೋಡಿ, 'ಇವನದು ಇನ್ನು ಮೂರು ತಿಂಗ್ಳು' ಅನ್ನೋನು ಬಾವ. ಒಂದ್ಸಲಾನೂ ತಪ್ನಿಲ್ಲ."

"ಬೀದೀಲಿ ಎಲ್ರೂ..." ಮುದ್ದಯ್ಯನವರು ಗೋಡೆಯಿಂದ ಕೈ ತೆಗೆದರು. "ಎಲ್ರಿಗೂ ನಾನು ಅಧ್ಯಕ್ಷ ಅಂತ ಎಂಗ್ ಗೊತ್ತು?"

ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಪ್ಪ ನಿಮ್ಮ ಮದ್ವೆ ಫೋಟೋ ಜೇಬಲ್ಲಿ ಇಟ್ಕಂಡು ಬೀದೀಲೆಲ್ಲ ತೋರ್ಸನು," ಎಂದಳು ಚಿಕ್ಕನಿಂಗಮ್ಮ. "'ನನ್ನ ಅಳಿಯ, ಹಂಗಳದ ಅಧ್ಯಕ್ಷ, ನೋಡ್ರಪ್ಪ. ಬಂದ್ರೆ ಕೂರುಸ್ರಪ್ಪ, ನಿಲ್ಲುಸ್ಕಂಡೇ ಕಳಿಸ್ಬುಟ್ಟೀರಿ.' ಒಂದು ದಿನ ಅಲ್ಲ, ನಾಕು ವರ್ಸ. ಯಾವ ಅಂಗಡಿ ಮುಂದೆ ಏಳ್ನಿಲ್ಲ ಅಂತೀರಿ? ಸಾಲದ್ದಕ್ಕೆ ಬೀರಯ್ಯನ ಮಗಳ ಹಿಂದೇನೇ ಬಂದ್ರಿ, ಆ ಕಿವಿ ಬುಟ್ಕಂಡು. ಅದ್ಯಾವ್ ವೇಷ ಹಾಕಿದ್ರೇನ್ ಬಂತು."

"ಮೊದ್ಲೇ ಏಳ್ಬಾರ್ದಾಗಿತ್ತಾ?"

"ಏಳಿದ್ರೆ ಬತ್ತಿದ್ರಾ?"

ಮುದ್ದಯ್ಯನವರಿಗೆ ಈಗ ಅರ್ಥವಾಯಿತು. ಈ ಬೀದಿಯಲ್ಲಿ ಇಡೀ ಬೆಳಿಗ್ಗೆ ಅವರನ್ನು ಅಟ್ಟಿಸಿಕೊಂಡು ಬಂದದ್ದು ಶಾಪವಲ್ಲ, ಮಾವ.

ಮಂಚಮ್ಮ ಮೂಲೆಯಲ್ಲಿದ್ದ ಒಂದು ಹಳೇ ಸೀರೆಯನ್ನು ಎಳೆದಳು. ಅದರ ಕೆಳಗೆ ಒಂದು ಕುರ್ಚಿ. ತೇಗದ್ದು, ಅಗಲವಾದ ಕೈಗಳು, ಎತ್ತರದ ಬೆನ್ನು. ಬೆನ್ನಿನ ಪಟ್ಟಿಯ ಮೇಲೆ ಓದು ಬಾರದ ಮಾವ ಯಾರಿಂದಲೋ ಬರೆಸಿಕೊಂಡು ಒಂದೊಂದೇ ಗೆರೆಯಾಗಿ ಕೊರೆದ ಅಕ್ಷರ: *ಅಧ್ಯಕ್ಷರು. ಮುದ್ದಯ್ಯನವರು.* ಮೊಟುಕಿವಿ ಎಂಬುದು ಎಲ್ಲೂ ಇರಲಿಲ್ಲ.

"ಬಂದು ಕೂತ್ಕಂಡು ಈಸ್ಕಳ್ಲಿ ಅಂತ," ಎಂದಳು ಮಂಚಮ್ಮ. "ಇದರ ಮೇಲೆ ಒಬ್ರನ್ನೂ ಕೂರುಸ್ನಿಲ್ಲ. ವರ್ಸ ವರ್ಸ ಹಳೇ ಬೆತ್ತ ಬಿಚ್ಚಿ, ಹೊಸ ಬೆತ್ತ ನೆನೆಸಿ ಹೆಣೆಯೋನು. 'ಅಳಿಯ ಬಂದಾಗ ಬೆತ್ತ ಹೊಸದಾಗಿರ್ಬೇಕು' ಅನ್ನೋನು."

ಮುದ್ದಯ್ಯನವರು ಬಗ್ಗಿ ಅಂಗೈಯನ್ನು ಬೆತ್ತದ ಮೇಲಿಟ್ಟರು. ಇಟ್ಟ ಕೈಯನ್ನು ತಕ್ಷಣ ಹಿಂದಕ್ಕೆಳೆದರು.

"ಇದು ಒದ್ದೆ ಅದೆಯಲ್ಲ."

"ಹೂಂ," ಎಂದಳು ಮಂಚಮ್ಮ, ದನಿ ತಗ್ಗಿಸಿ.

"ನೀನು ಹೆಣೆದ್ಯಾ?"

"ನಂಗೆಲ್ಲಿ ಬತ್ತದೆ ಬಾವ? ನಾನು ಕಟ್ಟೋದು ಹೂವ. ಅಪ್ಪ ಓದ ಮೇಲೆ ಈ ಮನೇಗೆ ಬೆತ್ತ ಬಂದೇ ಇಲ್ಲ." ಅವಳು ಸೀರೆಯನ್ನು ಮಡಿಸುತ್ತ, ಕುರ್ಚಿಯ ಕಡೆ ನೋಡದೆ, ಮುಂದುವರಿಸಿದಳು. "ಪ್ರತಿ ಆಷಾಢದಲ್ಲೂ ಇಂಗೇ ಆಯ್ತದೆ. ಮುಚ್ಚಿಟ್ಟಿರ್ತೀನಿ. ತೆಗೆದ್ರೆ ಬೆತ್ತ ಹೊಸದಾಗಿರ್ತದೆ. ಹೆಣೆಯೋ ಸದ್ದೂ ಕೇಳ್ತದೆ, ಒಂದೊಂದ್ ದಿನ. ನಾನು ಹೆದರಕಿಲ್ಲ. ಅಪ್ಪನೇ ಅಲ್ವ."

ತೊಲೆಯಿಂದ ಇಳಿಬಿಟ್ಟ ಕುರ್ಚಿಗಳು ತಿರುಗುವುದನ್ನು ನಿಲ್ಲಿಸಿದವು. ಹೊರಗೆ ಗಾಳಿ ಮಾತ್ರ ಹಾಗೆಯೇ ಇತ್ತು.

ಈಗ ಮುದ್ದಯ್ಯನವರ ಮುಂದೆ ಇದ್ದದ್ದು ಇಷ್ಟೇ. ಶಾಪದ ಊರಿನ ನಟ್ಟನಡುವೆ ಅಧ್ಯಕ್ಷರೆಂದು ಕೊರೆದ ಕುರ್ಚಿಯಲ್ಲಿ ಕೂರುವುದೆಂದರೆ, ಕೊಡಲಿಯ ಕೆಳಗೆ ತಾವೇ ಕತ್ತು ಇಟ್ಟು, ಎಲ್ಲಿ ಕಡಿಯಬೇಕೆಂದು ಸೀಮೆಸುಣ್ಣದಲ್ಲಿ ಗೆರೆಯನ್ನೂ ಹಾಕಿಕೊಟ್ಟ ಹಾಗೆ. ಸೋಮವಾರ ಕೆಂಪು ಕುರ್ಚಿ ಹೋಗುತ್ತದೆ. ಮಂಗಳವಾರ ಮೊಟುಕಿವಿ ಬರುತ್ತದೆ. ಕೂರದಿದ್ದರೆ?

ಅವರು ಹೆಂಡತಿಯ ಕಡೆ ನೋಡಿದರು. ಅವಳು ನಾಲ್ಕು ವರ್ಷದ ಹಿಂದೆ, ಹುಣಸೆಮರದ ಕೆಳಗೆ ಆ ಹೊಸ ಬಟ್ಟೆಯನ್ನು ಈಸಿಕೊಳ್ಳುವಾಗ ನಿಂತಿದ್ದ ಹಾಗೆಯೇ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು.

ಮುದ್ದಯ್ಯನವರು ತಲೆಯ ರುಮಾಲು ಬಿಚ್ಚಿದರು. ಎತ್ತಿ ಕಟ್ಟಿದ್ದ ಲುಂಗಿ ಇಳಿಬಿಟ್ಟರು. ಹಿಂದೆ ನೋಡದೆ ಕೂತುಬಿಟ್ಟರು.

ಬೆತ್ತ ಕಿರ್ರ್ ಎಂದಿತು. ಒದ್ದೆಯ ತಂಪು ಲುಂಗಿಯನ್ನು ದಾಟಿ ಮೈಗೆ ಮುಟ್ಟಿತು. ಕೆಳಗಿನಿಂದ ಯಾರೋ ಅಂಗೈ ಚಾಚಿ ಹೊತ್ತುಕೊಂಡಷ್ಟು ಗಟ್ಟಿಯಾಗಿತ್ತು ಆ ಹೆಣಿಗೆ. ಒಂಬತ್ತು ವರ್ಷ ಪ್ಲಾಸ್ಟಿಕ್ಕಿನ ಮೇಲೆ, ಸೀಳು ಬಿಟ್ಟ ಕಾಲಿನ ಕಡೆ ಭಾರ ಬೀಳದಂತೆ ಓರೆಯಾಗಿ ಕೂತು ಅಭ್ಯಾಸವಾಗಿದ್ದ ಸೊಂಟ ಮೊದಲ ಸಲ ನೆಟ್ಟಗಾಯಿತು. ಮಂಚಮ್ಮ ತಟ್ಟೆಯಲ್ಲಿ ವೀಳ್ಯ ತಂದು ಮುಂದೆ ಹಿಡಿದಳು. ಚಿಕ್ಕನಿಂಗಮ್ಮ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡು, "ಎದ್ದೇಳಿ ಇನ್ನ, ಬಸ್ ತಪ್ಪೋಯ್ತದೆ," ಎಂದು ಗದರಿದಳು.

ಬಸ್ಸಿನ ಟಾಪಿನ ಮೇಲೆ ಹಗ್ಗದಿಂದ ಬಿಗಿಸಿಕೊಂಡು, ಬೀದಿಯವರಿಂದ ಕೈ ಮುಗಿಸಿಕೊಂಡು, ಕುರ್ಚಿ ಹಂಗಳಕ್ಕೆ ಬಂತು.

ಸೋಮವಾರ ನಡೆದದ್ದನ್ನು ಎಳೆಯುವುದು ಬೇಡ. ಎರಡು ಓಟಿನಿಂದ ಮುದ್ದಯ್ಯನವರು ಸೋತರು. ಅವರು ಈಸಿಕೊಳ್ಳಲು ಮರೆತ ಪೆನ್ನನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ ರಾಜಣ್ಣನನ್ನು ನೋಡಿ ನೋಡಿ, ಇವನಿಗೂ ಒಪ್ಪುತ್ತದಲ್ಲ ಎಂದು ಜನಕ್ಕೆ ಅನ್ನಿಸಿತ್ತು. ನೂರೆಂಟು ನಾಮದ ವಿಷಯ ಗೊತ್ತಿದ್ದದ್ದು ದೇವರಿಗೆ ಮತ್ತು ಮುದ್ದಯ್ಯನವರಿಗೆ ಮಾತ್ರ. ಇಬ್ಬರೂ ಬಾಯಿ ಬಿಡಲಿಲ್ಲ. ಊರು ಮಾತ್ರ ಒಂದೇ ದನಿಯಲ್ಲಿ, "ಚಾಮ್ರಾಜ್ನಗ್ರಕ್ಕೆ ಓಗಿದ್ರಲ್ಲ, ಇನ್ನೇನಾದದು?" ಅಂದಿತು. ಹೊಸ ಅಧ್ಯಕ್ಷ ರಾಜಣ್ಣ ಅಂದಿನಿಂದ ಸ್ವಾಗತದ ಬೋರ್ಡಿನ ಆಚೆ ಹೋಗಿಲ್ಲ.

ಮಂಗಳವಾರ ಬೆಳಿಗ್ಗೆ ಮುದ್ದಯ್ಯನವರು ಮನೆಯ ಜಗಲಿಯ ಮೇಲೆ ತೇಗದ ಕುರ್ಚಿ ಹಾಕಿಸಿ, ಬರಬೇಕಾದ ಹೆಸರಿಗಾಗಿ ಕಾಯುತ್ತ ಕೂತರು. ಶೆಡ್ಡಿನ ಕಡೆ ಹೊರಟಿದ್ದ ಒಬ್ಬ, ಹೂವಿನ ಮೂಟೆ ಹೊತ್ತವನು, ಎದುರಿಗೆ ಬಂದು ನಿಂತ. ಬಾಯಿ ತೆರೆದ. ಅವನ ಕಣ್ಣು ಅವರ ಕಿವಿಯ ಮೇಲೆ ಬಿತ್ತು. ಆಮೇಲೆ ಕುರ್ಚಿಯ ಬೆನ್ನಿನ ಅಕ್ಷರದ ಮೇಲೆ ಬಿತ್ತು. ಆಮೇಲೆ ಕುರ್ಚಿಯ ಕೆಳಗೆ, ಜಗಲಿಯ ಕಲ್ಲಿನ ಮೇಲೆ, ತೊಟ್ಟಿಕ್ಕಿ ಕೂಡಿದ ನೀರಿನ ಮೇಲೆ ಬಿತ್ತು. ರಾತ್ರಿ ಮಳೆ ಬಂದಿರಲಿಲ್ಲ.

"ಅಧ್ಯಕ್ಷ್ರೇ," ಎಂದು ಮೆಲ್ಲಗೆ ಹೇಳಿ, ಮೂಟೆಯೊಂದಿಗೆ ಬೇಗ ಬೇಗ ಹೋಗಿಬಿಟ್ಟ.

ಅಲ್ಲಿಂದೀಚೆಗೆ ಹಂಗಳದಲ್ಲಿ ಇಬ್ಬರು ಅಧ್ಯಕ್ಷರು. ಒಬ್ಬರ ಕುರ್ಚಿಗೆ ಮೂರು ವರ್ಷಕ್ಕೊಮ್ಮೆ ಎಲೆಕ್ಷನ್ ಆಗುತ್ತದೆ. ಇನ್ನೊಬ್ಬರ ಕುರ್ಚಿಯ ಬೆತ್ತ ಪ್ರತಿ ಆಷಾಢದಲ್ಲಿ ತಾನಾಗಿಯೇ ಹೊಸದಾಗುತ್ತದೆ. ಊಟವಾದ ಮೇಲೆ ಮುದ್ದಯ್ಯನವರು ಅದರಲ್ಲಿ ತೂಕಡಿಸುವಾಗ ಒಮ್ಮೊಮ್ಮೆ ಕೆಳಗಿನಿಂದ ಯಾರೋ ಎಳೆಯನ್ನು ಹಲ್ಲಲ್ಲಿ ಕಚ್ಚಿ ಬಿಗಿದಂತೆ ಕಿರ್ರ್ ಅನ್ನುತ್ತದೆ. ಆನೆಗೆ ಬುದ್ಧಿ ಹೇಳಿದ್ದ ಗಂಡು ಆಗ ಕಣ್ಣು ತೆರೆಯುವುದಿಲ್ಲ.

"ಸಾಕು ಬುಡು ಮಾವ," ಎನ್ನುತ್ತಾರೆ. "ಕೂತಿವ್ನಿ."

ಸದ್ದು ನಿಲ್ಲುತ್ತದೆ.